ಮೂರನೆಯ ಬುಗ್ಗೆ

ಬಾಯಿಗೇನು ಬಾಡಿಗೆ ಕೊಡಬೇಕೆ? ಯಾರು ಏನು ಬೇಕಾದರೂ ಹೇಳಬಹುದು. ಇಸ್ತ್ರಿ ಅಂಗಡಿಯ ಗರಿಗರಿ ಮಾಮನಿಗೆ ಪಾರ್ಶ್ವವಾಯು ಹೊಡೆದು ಬಲಗೈ ಮರಗಟ್ಟಿದ ಮೇಲೆ ಬೀದಿಗೆ ಬೀದಿಯೇ ಡಾಕ್ಟರಾಯಿತು. ಒಬ್ಬರು ಎಣ್ಣೆ ಹೇಳಿದರು, ಇನ್ನೊಬ್ಬರು ಬೇರು ಹೇಳಿದರು. ಮೂಲೆಮನೆಯ ಮೇಷ್ಟರು ಮಾತ್ರ ಇಸ್ತ್ರಿಗೆ ಕೊಟ್ಟ ಪ್ಯಾಂಟನ್ನೂ ಮರೆತು ಅರ್ಧ ಗಂಟೆ ಕೂತು, "ಬಿಸಿನೀರಿನ ಬುಗ್ಗೆಗೆ ಕರ್ಕೊಂಡು ಹೋಗಮ್ಮ. ಒಲೆ ಬಿಸಿ ಬೇರೆ, ನೆಲದೊಳಗಿನ ಬಿಸಿ ಬೇರೆ. ನಮ್ಮ ಷಡ್ಡಕನಿಗೆ ಮೂರೇ ಮೂರು ಬುಗ್ಗೆ, ಕೈ ಮೊದಲಿನ ಹಾಗಾಯ್ತು" ಎಂದರು. ಆ ಷಡ್ಡಕನ ಕೈಗೆ ಏನಾಗಿತ್ತು ಎಂದು ಮಾಮನ ಹೆಂಡತಿ ಇಸ್ತ್ರಿಯಕ್ಕ ಕೇಳಲಿಲ್ಲ. ಕೇಳಿದ್ದರೆ ಬರೀ ಉಳುಕು ಎಂದು ಗೊತ್ತಾಗುತ್ತಿತ್ತು. ಮುಳುಗುವವರು ಹುಲ್ಲುಕಡ್ಡಿಯ ಪೂರ್ವಾಪರ ವಿಚಾರಿಸುವುದಿಲ್ಲ.

ಗರಿಗರಿ ಮಾಮ ಎನ್ನುವುದು ಬೀದಿಯ ಮಕ್ಕಳು ಇಟ್ಟ ಹೆಸರು. ಅವನ ಕೈಯಿಂದ ಬಂದ ಅಂಗಿಯನ್ನು ನೆಲದ ಮೇಲೆ ನಿಲ್ಲಿಸಿದರೆ ತಾನೇ ನಿಲ್ಲುತ್ತದೆ ಎಂದು ಅವರ ತಮಾಷೆ. ಮೂವತ್ತು ವರ್ಷ ಅವನು ಉಜ್ಜಿದ, ಇಸ್ತ್ರಿಯಕ್ಕ ಮಡಿಸಿದಳು. ಅವರ ಇಸ್ತ್ರಿಪೆಟ್ಟಿಗೆಯ ಗುಂಡಿಯ ಮೇಲಿದ್ದ ಅಂಕಿಗಳು ಯಾವ ಕಾಲದಲ್ಲೋ ಅಳಿಸಿಹೋಗಿದ್ದವು. ಅವನಿಗೆ ಅವು ಬೇಕಾಗಿಯೂ ಇರಲಿಲ್ಲ. ಬೆರಳ ತುದಿಯಿಂದ ಎರಡು ಹನಿ ನೀರು ಚಿಮುಕಿಸಿ, ಮೇಲೇಳುವ ಹಬೆಯನ್ನು ನೋಡಿ, ಇದು ಹತ್ತಿಗೆ, ಇದು ರೇಷ್ಮೆಗೆ, ಇನ್ನೊಂದು ನಿಮಿಷ ಬಿಟ್ಟರೆ ಬೂದಿಗೆ ಎಂದು ಹೇಳಿಬಿಡುತ್ತಿದ್ದ. ಬಿಸಿಯ ಖಾತೆ ಪೂರ್ತಿ ಅವನದು. ಮನೆಯಲ್ಲಿ ಸ್ನಾನದ ನೀರು ಹದವಾಯಿತೇ ಎಂದು ಹೇಳಬೇಕಾದವನೂ ಅವನೇ. ಅವನು ಹೂಂ ಎಂದರೆ ಅವಳು ಯೋಚನೆ ಮಾಡದೆ ತಲೆಯ ಮೇಲೆ ಸುರಿದುಕೊಳ್ಳುತ್ತಿದ್ದಳು.

ಕೈಯಲ್ಲಿ ಬಲವೇನೋ ವಾಪಸು ಬಂದಿತ್ತು. ಎತ್ತುತ್ತಿದ್ದ, ಹಿಡಿಯುತ್ತಿದ್ದ. ಆದರೆ ಏನು ಹಿಡಿದಿದ್ದೇನೆ ಎಂಬುದು ಆ ಕೈಗೆ ಗೊತ್ತಾಗುತ್ತಿರಲಿಲ್ಲ. ಆಸ್ಪತ್ರೆಯಿಂದ ಬಂದ ತಿಂಗಳಿಗೆ ಹಟಮಾಡಿ ಅಂಗಡಿಗೆ ಬಂದು ಪೆಟ್ಟಿಗೆ ಹಿಡಿದ. ಗಿರಾಕಿಯೊಬ್ಬರ ಜೊತೆ ಮಾತಾಡುತ್ತ ಅತ್ತ ತಿರುಗಿದ. ಸುಟ್ಟ ವಾಸನೆ ಬಂತು. ಬಟ್ಟೆಯಲ್ಲ, ಅವನದೇ ಕಿರುಬೆರಳು. ಆವತ್ತು ಪೆಟ್ಟಿಗೆ ಕೆಳಗಿಟ್ಟವನು ಮತ್ತೆ ಮುಟ್ಟಲಿಲ್ಲ. "ಸ್ಪರ್ಶ ಬರಬಹುದು, ಬರದೆಯೂ ಇರಬಹುದು, ಕಾದು ನೋಡಿ" ಎಂದು ಡಾಕ್ಟರು ಹೇಳಿ ಏಳು ತಿಂಗಳಾಗಿತ್ತು. ಅಷ್ಟೂ ದಿನ ಅವನು ಅಂಗಡಿಯ ಮುಂದೆ ಸ್ಟೂಲು ಹಾಕಿಕೊಂಡು ಕೂತ, ಅವಳು ಉಜ್ಜಿದಳು. ಅವಳು ಉಜ್ಜಿದ ಅಂಗಿಯ ತೋಳಿನಲ್ಲಿ ಒಂದರ ಬದಲು ಎರಡೆರಡು ಗೀರು ಬೀಳುತ್ತಿದ್ದವು. ಅವನು ನೋಡುತ್ತಿದ್ದ, ಏನೂ ಅನ್ನುತ್ತಿರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಆ ಸುಮ್ಮನಿರುವಿಕೆ ಅವಳನ್ನು ದಿನವೂ ಸಾಯಿಸುತ್ತಿತ್ತು.

ಹೀಗಾಗಿ ಬುಗ್ಗೆಗಳ ಯಾತ್ರೆ ಹೊರಟಿತು. ವ್ಯಾನು ಅವಳ ತಮ್ಮನದು, ಮನೆ ಖಾಲಿ ಮಾಡುವವರ ಮಂಚ, ಬೀರು ಸಾಗಿಸುವಂಥದ್ದು. ಹಿಂದುಗಡೆ ಹಾಸಿಗೆ ಹಾಸಿ ಭಾವನನ್ನು ಮಲಗಿಸಬಹುದು ಎಂದು ಅವನ ಲೆಕ್ಕ. ಭಾವ ಒಪ್ಪಲಿಲ್ಲ, "ನಾನೇನು ಬೀರುವೇನೋ?" ಎಂದು ಮುಂದೆಯೇ ಕೂತ. ತಮ್ಮನಿಗೆ ಮಾತಾಡದಿದ್ದರೆ ಗಾಡಿ ಓಡುವುದಿಲ್ಲ. ದಾರಿಯುದ್ದಕ್ಕೂ ಒಂದೇ ಸಮ ಹರಟಿದ. ಇಸ್ತ್ರಿಯಕ್ಕ ಇಬ್ಬರ ನಡುವೆ ಇಕ್ಕಟ್ಟಿನಲ್ಲಿ ಕೂತು, ಗಂಡನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ನೀವುತ್ತಿದ್ದಳು. ಅವನು ಕಿಟಕಿಯಿಂದ ಹೊರಗೆ ನೋಡುತ್ತಿದ್ದ. ನೀವುತ್ತಿದ್ದಾಳೆಂದು ಅವನಿಗೆ ಗೊತ್ತೂ ಇರಲಿಲ್ಲ.

ಮೊದಲನೆಯ ಬುಗ್ಗೆ ಸಿಕ್ಕಿದ್ದು ಹೆದ್ದಾರಿ ಬಿಟ್ಟು ಎರಡು ಗಂಟೆ ಒಳಗೆ ಹೋದ ಮೇಲೆ. ಊರಿನವರು ಸಿಮೆಂಟಿನ ತೊಟ್ಟಿ ಕಟ್ಟಿಸಿದ್ದರು. ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಕುತ್ತಿಗೆವರೆಗೆ ನೀರಿನಲ್ಲಿ ಕೂತ ಮುದುಕರು ತಂತಮ್ಮ ಮಂಡಿನೋವಿನ ಹಿರಿಮೆ ಹೇಳಿಕೊಳ್ಳುತ್ತಿದ್ದರು. ಮಾಮ ಕಟ್ಟೆಯ ಮೇಲೆ ಕೂತು ಬಲಗೈಯನ್ನು ಮೊಣಕೈವರೆಗೆ ಇಳಿಬಿಟ್ಟ. ಅವಳು ನೀರನ್ನು ನೋಡಲಿಲ್ಲ, ಅವನ ಮುಖವನ್ನೇ ನೋಡಿದಳು.

"ಏನಾದ್ರೂ ಗೊತ್ತಾಗ್ತಿದೆಯಾ?"

"ಇಲ್ಲ ಕಣೇ."

"ಸ್ವಲ್ಪ ಹೊತ್ತು ಬಿಟ್ಟು ನೋಡಿ."

ಸ್ವಲ್ಪ ಹೊತ್ತೇನು, ಮುದುಕರೆಲ್ಲ ಎದ್ದು ಹೋಗುವವರೆಗೂ ಕೂತ. ಏನೂ ಇಲ್ಲ. ಟವೆಲು ತರುತ್ತೇನೆಂದು ವ್ಯಾನಿನ ಹಿಂದೆ ಹೋದವಳು, ಚಕ್ರಕ್ಕೆ ಬೆನ್ನು ಕೊಟ್ಟು ಕುಕ್ಕರಗಾಲಿನಲ್ಲಿ ಕೂತು, ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಮುಖ ತೊಳೆದುಕೊಂಡು ಬಂದಾಗ, "ಟವೆಲ್ ಎಲ್ಲೇ?" ಎಂದು ಅವನು ಕೇಳಿದ. ಅವಳು ಮರೆತೇ ಬಂದಿದ್ದಳು.

ಆ ರಾತ್ರಿ ಒಂದು ಸಣ್ಣ ಲಾಡ್ಜಿನಲ್ಲಿ ಉಳಿದು, ಬೆಳಿಗ್ಗೆ ಬೇಗ ಎದ್ದು ಎರಡನೆಯ ಬುಗ್ಗೆಗೆ ಹೋದರು. ಚಳಿ ಚೆನ್ನಾಗಿತ್ತು. ಹಾಲಿನ ಡೈರಿಯ ಹಿಂದೆ ಮೂರು ತೊಟ್ಟಿಗಳು, ಒಂದರಿಂದ ಇನ್ನೊಂದಕ್ಕೆ ನೀರು ಇಳಿಯುವ ಹಾಗೆ ಕಟ್ಟಿದ್ದವು. ಮಾಮ ಮೊದಲ ತೊಟ್ಟಿಯಲ್ಲಿ ಕೈ ಇಟ್ಟ. ಹುಬ್ಬು ಗಂಟಿಕ್ಕಿದ. ಎರಡನೆಯದಕ್ಕೆ ಹೋದ, ಮೂರನೆಯದಕ್ಕೆ ಹೋದ.

"ನೋಡೇ, ಇದು ಜಾಸ್ತಿ ಬಿಸಿ. ಇದು ಅದಕ್ಕಿಂತ ಕಮ್ಮಿ. ಕೊನೇದು ಬರೀ ಉಗುರುಬೆಚ್ಚಗೆ."

ಇಸ್ತ್ರಿಯಕ್ಕ ತಾನೇ ಮೂರರಲ್ಲೂ ಕೈಯಾಡಿಸಿದಳು. ಅವನು ಹೇಳಿದ್ದು ಅಕ್ಷರಶಃ ಸರಿ. ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅಲ್ಲೇ ನಿಂತು ಮೇಷ್ಟರಿಗೆ ಫೋನು ಮಾಡಿ, "ಬಿಸಿ ಗೊತ್ತಾಗ್ತಿದೆಯಂತೆ ಸಾರ್" ಎಂದು ಹೇಳಿದಳು. ತಮ್ಮ, "ಮತ್ತೆ ಭಾವ, ವಾಪಸ್ ಹೋದ ತಕ್ಷಣ ನನ್ನ ನಾಲ್ಕು ಅಂಗಿ. ಅಕ್ಕ ಉಜ್ಜಿದ್ದು ಹಾಕ್ಕೊಂಡ್ರೆ ಹಸು ಅಗಿದು ಉಗುಳಿದ ಹಾಗಿರುತ್ತೆ" ಎಂದು ರೇಗಿಸಿದ. ಬೇರೆ ದಿನವಾಗಿದ್ದರೆ ಅವನ ಕಿವಿ ಹಿಂಡುತ್ತಿದ್ದಳು. ಇವತ್ತು ನಕ್ಕಳು.

ಮಾಮ ಮಾತ್ರ, "ಸಾಕು, ಇನ್ನು ಮನೆಗೆ ಹೋಗೋಣ" ಎಂದ.

"ಅಯ್ಯೋ, ಈಗ ತಾನೇ ಶುರುವಾಗಿದೆ. ಮೂರು ಬುಗ್ಗೆ ಅಂದಿದ್ದಾರೆ. ಇನ್ನೊಂದೇ ಒಂದು."

"ಬೇಡ ಕಣೇ."

"ಅರ್ಧ ದಾರೀಲಿ ಬಿಡ್ತೀನಾ? ನೀವು ಸುಮ್ನಿರಿ."

ಅವನು ವ್ಯಾನು ಹತ್ತಿ ಕೂತ. ಇನ್ನೇನು ತಾನೇ ಹೇಳಿಯಾನು?

ಮೂರನೆಯ ಬುಗ್ಗೆಗೆ ಹೋಗುವಷ್ಟರಲ್ಲಿ ನಡುಮಧ್ಯಾಹ್ನ. ಬೆಳಗಿನ ಚಳಿ ಎಲ್ಲಿ ಹೋಯಿತೋ, ಬಿಸಿಲು ನೆತ್ತಿ ಒಡೆಯುತ್ತಿತ್ತು. ಊರಾಚೆ ಕಲ್ಲುಗಳ ನಡುವೆ ಒಂದು ಹೊಂಡ. ಕಟ್ಟೆಯಿಲ್ಲ, ಬೋರ್ಡಿಲ್ಲ, ನರಪಿಳ್ಳೆಯಿಲ್ಲ. ದೂರದ ಮರದಡಿ ಮೇಕೆ ಮೇಯಿಸುವ ಅಜ್ಜಿಯೊಬ್ಬಳು ಕೂತಿದ್ದಳು, ಅಷ್ಟೆ. ನೀರು ತಿಳಿಯಾಗಿ, ತಳದ ಕಲ್ಲು ಕಾಣುವ ಹಾಗೆ ನಿಂತಿತ್ತು. ಮೇಲೆ ಹಬೆಯ ಒಂದು ಎಳೆಯೂ ಇರಲಿಲ್ಲ. ಆ ಸುಡುಬಿಸಿಲಿನಲ್ಲಿ ಹಬೆ ಕಣ್ಣಿಗೆ ಕಾಣಬೇಕಾದರೂ ಹೇಗೆ?

ತಮ್ಮ ಗಾಡಿಯನ್ನು ನೆರಳಿಗೆ ಹಾಕಲು ಹೋದ. ಇಸ್ತ್ರಿಯಕ್ಕ ಈ ಸಲ ಟವೆಲು ಮರೆಯಬಾರದೆಂದು ಚೀಲದಲ್ಲಿ ಹುಡುಕುತ್ತಿದ್ದಳು. ಮಾಮ ಎಡಗೈಯನ್ನು ಕಲ್ಲಿಗೆ ಊರಿ, ಮಂಡಿಯ ಮೇಲೆ ಕೂತು, ಬಲಗೈಯನ್ನು ಮಣಿಕಟ್ಟಿನವರೆಗೆ ನೀರಿಗೆ ಬಿಟ್ಟ.

"ಹೇಗಿದೆ ರೀ?" ಎಂದು ಅಲ್ಲಿಂದಲೇ ಕೂಗಿದಳು.

ಅವನು ನೀರನ್ನು ಒಮ್ಮೆ ನೋಡಿದ.

"ಉಗುರುಬೆಚ್ಚಗಿದೆ. ಹಿತವಾಗಿದೆ. ನೀನು ನಿಧಾನಕ್ಕೆ ಬಾ."

ಅವಳು ಅವಸರ ಮಾಡಲಿಲ್ಲ. ಟವೆಲು ಸಿಕ್ಕಿತು, ಸೋಪು ಸಿಗಲಿಲ್ಲ, ಅದನ್ನೂ ಹುಡುಕಿದಳು. ಅಷ್ಟರಲ್ಲಿ ಮೇಕೆಯ ಅಜ್ಜಿ ಕೋಲು ಎತ್ತಿಕೊಂಡು ಓಡೋಡಿ ಬರುತ್ತಿದ್ದಳು. "ಕೈ ತೆಗಿಯಪ್ಪಾ, ಕೈ ತೆಗಿ. ಅದು ಆಲೂಗಡ್ಡೆ ಬೇಯಿಸೋ ಹೊಂಡ. ಸ್ನಾನದ್ದು ಕೆಳಗಿದೆ."

ಮಾಮ ಅಜ್ಜಿಯತ್ತ ತಿರುಗಿ ನಗುತ್ತ, ಏನು ಎಂಬಂತೆ ನೋಡಿದ. ಕೈ ಇನ್ನೂ ನೀರಿನಲ್ಲೇ ಇತ್ತು. ಇಸ್ತ್ರಿಯಕ್ಕ ಓಡಿಬಂದು ತೋಳು ಹಿಡಿದು ಎಳೆದಳು. ಕೈ ಕೆಂಪಗೆ ಬೆಂದಿತ್ತು, ಬೆರಳ ಹಿಂಬದಿಯ ಚರ್ಮ ಸಡಿಲಾಗಿ ಜಾರುತ್ತಿತ್ತು. ಅವಳು ಆ ಕೈಯನ್ನು ನೋಡಿದಳು, ಅವನು ಅವಳ ಮುಖವನ್ನು ನೋಡಿದ. ಕೈಗೇನಾಗಿದೆ ಎಂದು ಅವನಿಗೆ ಗೊತ್ತಾದದ್ದು ಅವಳ ಮುಖ ನೋಡಿ.

ಅಜ್ಜಿ ಮರದಡಿಯಿಂದ ತನ್ನ ಕೊಡ ತಂದು ಅದರಲ್ಲಿದ್ದ ತಣ್ಣೀರನ್ನೆಲ್ಲ ಸುರಿದಳು. ಹತ್ತು ಮೈಲಿ ಆಚೆ ಒಂದು ಆಸ್ಪತ್ರೆ ಇದೆ ಎಂದಳು. ತಮ್ಮ ಗಾಡಿ ಓಡಿಸಿದ. ಬಾಯಿಗೆ ಬೀಗ ಬಿದ್ದಿತ್ತು. ಇಸ್ತ್ರಿಯಕ್ಕನ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. ಬೆಳಿಗ್ಗೆ ಮೂರು ತೊಟ್ಟಿ ಸರಿಯಾಗಿ ಹೇಳಿದ ಕೈ ಇದೇ ತಾನೇ? ಒದ್ದೆ ಟವೆಲು ಸುತ್ತಿದ ಆ ಕೈಯನ್ನು ಹಿಡಿದುಕೊಂಡು ಕೊನೆಗೆ ಕೇಳಿಯೇಬಿಟ್ಟಳು.

"ಬೆಳಿಗ್ಗೆ ಹೇಗೆ ಹೇಳಿದ್ರಿ?"

ಅವನು ಕಿಟಕಿಯತ್ತ ಮುಖ ತಿರುಗಿಸಿಕೊಂಡ.

"ಹಬೆ ನೋಡಿ" ಎಂದ.

"ಯಾಕ್ರೀ?"

"ನಿನ್ನೆ ವ್ಯಾನಿನ ಹಿಂದೆ ಹೋಗಿ ಅತ್ಯಲ್ಲ. ನಾನೇನು ಮಾಡಲಿ? ಕೈಯಲ್ಲಂತೂ ಏನೂ ಆಗ್ತಿಲ್ಲ. ಬಾಯಲ್ಲಾದರೂ ಏನಾದ್ರೂ ಮಾಡೋಣ ಅಂತ."

ಇಸ್ತ್ರಿಯಕ್ಕನಿಗೆ ಸಿಟ್ಟು ಬಂತು. ಅವನ ಮೇಲೆ ಬಂತು, ಮೇಷ್ಟರ ಮೇಲೆ ಬಂತು, ಅವರ ಷಡ್ಡಕನ ಮೇಲೆ ಬಂತು, ಎಲ್ಲರಿಗಿಂತ ಹೆಚ್ಚಾಗಿ ತನ್ನ ಮೇಲೆ ಬಂತು. ಬೇಡ ಕಣೇ ಎಂದಿದ್ದನಲ್ಲ. ನೀವು ಸುಮ್ನಿರಿ ಎಂದವಳು ಯಾರು? ಟವೆಲಿನ ಮೇಲೆ ಬಾಟಲಿಯಿಂದ ಇನ್ನಷ್ಟು ನೀರು ಹಾಕಿದಳು.

ಆಸ್ಪತ್ರೆ ಎಂದರೆ ಎರಡು ಕೋಣೆ. ಡಾಕ್ಟರು ವಾರಕ್ಕೆರಡು ದಿನ ಬರುವವರು, ಇವತ್ತು ಆ ದಿನವಲ್ಲ. ಇದ್ದದ್ದು ಒಬ್ಬಳೇ ನರ್ಸು. ಅವಳು ಟವೆಲು ಬಿಚ್ಚಿ ನೋಡಿದಳು, ದೊಡ್ಡಾಸ್ಪತ್ರೆಗೆ ಫೋನು ಮಾಡಿ ಒಂದೆರಡು ಮಾತಾಡಿದಳು, ಕೈ ತೊಳೆದುಕೊಂಡು ಬಂದು ಎದುರು ಕೂತಳು.

"ಇಲ್ಲಿ ಸ್ವಚ್ಛ ಮಾಡಿ ಕಟ್ಟಿ ಕಳಿಸ್ತೀನಿ. ಸಡಿಲಾದ ಚರ್ಮ ತೆಗೀಬೇಕು. ತುಂಬ ನೋಯುತ್ತೆ. ಕಿರುಚಬೇಕು ಅನ್ನಿಸಿದ್ರೆ ಕಿರುಚಿ, ಸಂಕೋಚ ಬೇಡ."

ಮಾಮ ತಲೆಯಾಡಿಸಿ ಮುಖವನ್ನು ಗೋಡೆಯತ್ತ ತಿರುಗಿಸಿಕೊಂಡ. ಅಲ್ಲಿ ಕೈ ತೊಳೆಯುವ ವಿಧಾನದ ಚಿತ್ರಪಟವಿತ್ತು. ನರ್ಸು ಚಿಮಟ ಎತ್ತಿಕೊಂಡಳು. ತಮ್ಮನಿಗೆ ನೋಡಲಾಗಲಿಲ್ಲ, ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತ. ಇಸ್ತ್ರಿಯಕ್ಕ ಮೇಜಿನ ತುದಿ ಹಿಡಿದು ನಿಂತಳು. ಚರ್ಮ ಒಂದೊಂದೇ ಪದರ ಬರುತ್ತಿತ್ತು.

ನೋಯಲಿ ಎಂದುಕೊಂಡಳು. ಕಟ್ಟಿಕೊಂಡ ಗಂಡನಿಗೆ ನೋವಾಗಲಿ ಎಂದು ಯಾವ ಹೆಂಗಸು ಬೇಡಿಕೊಳ್ಳುತ್ತಾಳೆ? ಇವಳು ಬೇಡಿಕೊಂಡಳು. ದೇವರೇ, ಒಂದು ಸಲ ನೋಯಲಿ, ಸೂಜಿಮೊನೆಯಷ್ಟು ನೋಯಲಿ, ಬಾಯಿ ಬಡಿದುಕೊಳ್ಳುವಷ್ಟು ನೋಯಲಿ. ಮಾಮನ ಹುಬ್ಬು ಅಲ್ಲಾಡಲಿಲ್ಲ. ಅವನು ಚಿತ್ರಪಟದ ಕೆಳಗಿದ್ದ ಸಣ್ಣ ಅಕ್ಷರಗಳನ್ನು ಓದುತ್ತಿದ್ದ.

"ಎಂಥ ಗಟ್ಟಿ ಮನುಷ್ಯರು ನೀವು. ಪೈಲ್ವಾನರೂ ಇಲ್ಲಿ ಅತ್ತುಬಿಡ್ತಾರೆ" ಎಂದಳು ನರ್ಸು, ಮೆಚ್ಚುಗೆಯಿಂದ.

ಆ ಮಾತಿಗೆ ಇಸ್ತ್ರಿಯಕ್ಕ ಮೇಜಿನ ತುದಿ ಬಿಟ್ಟಳು. ಪಕ್ಕದ ಸ್ಟೂಲಿನ ಮೇಲೆ ಕುಸಿದಳು. ನರ್ಸು ಚಿಮಟವನ್ನು ತಟ್ಟೆಯಲ್ಲಿಟ್ಟು, ಬ್ಯಾಂಡೇಜಿನ ಸುರುಳಿ ತರಲೆಂದು ಕೋಣೆಯ ಆ ಮೂಲೆಯ ಕಪಾಟಿನ ಹತ್ತಿರ ಹೋದಳು. ಆಗ ಮಾಮ ಈ ಕಡೆ ತಿರುಗಿದ. ಹೆಂಡತಿಯ ಮುಖ ನೋಡಿದ. ಒಂದು ಗಳಿಗೆ ತಡೆದು, ಹಲ್ಲು ಕಚ್ಚಿ ಉಸಿರು ಒಳಗೆಳೆದುಕೊಂಡ.

"ಸ್ಸ್... ನಿಧಾನ ಸಿಸ್ಟರ್. ಉರೀತಿದೆ."

ನರ್ಸು ಕಪಾಟಿನ ಬಾಗಿಲು ಹಿಡಿದುಕೊಂಡೇ ತಿರುಗಿದಳು. "ನಾನು ಇಲ್ಲಿದ್ದೀನಲ್ಲ. ಮುಟ್ಟೇ ಇಲ್ವಲ್ಲ."

ಇಸ್ತ್ರಿಯಕ್ಕ ಅವಳಿಗೆ ಕಣ್ಣಿನಲ್ಲೇ ಸುಮ್ಮನಿರು ಎಂದಳು. ಸ್ಟೂಲನ್ನು ಎಳೆದುಕೊಂಡು ಹತ್ತಿರ ಹೋಗಿ, ಆ ಹಸಿ ಮಾಂಸದ ಕೈಯ ಮೇಲೆ ಬಗ್ಗಿದಳು.

"ಉರೀತಿದೆಯಾ? ಇರಿ, ಊದ್ತೀನಿ."

ಊದಿದಳು. ಉಸಿರು ಕಟ್ಟುವವರೆಗೆ ಊದಿದಳು. ಕಣ್ಣೀರು ಕೈಯ ಮೇಲೆ ಬೀಳದಂತೆ ಮುಖವನ್ನು ಆಚೆ ತಿರುಗಿಸಿ ಒರೆಸಿಕೊಂಡು ಮತ್ತೆ ಊದಿದಳು.

"ಈಗ ಹೇಗಿದೆ?"

"ಈಗ ತಣ್ಣಗಾಯ್ತು ಕಣೇ" ಎಂದ ಅವನು.