ಆಷಾಢದಲ್ಲಿ ತೋಡದ ಗುಂಡಿ

ಮಾರ್ಗಶಿರ ಬಂತೆಂದರೆ ಸೂಲಿಬೆಲೆ ಸುತ್ತಿನ ಹಳ್ಳಿಗಳಲ್ಲಿ ಒಗೆದ ಬಟ್ಟೆ ಬೇಗ ಒಣಗುವುದಿಲ್ಲ. ಕೆರೆಯಿಂದ ಎದ್ದ ಮಂಜು ರಾಗಿ ಮೆದೆಗಳ ಮೇಲೆ ಕೂತುಬಿಡುತ್ತದೆ; ಎಂಟು ಗಂಟೆಯಾದರೂ ಏಳುವುದಿಲ್ಲ. ಇಳಿಯಲು ದಾರಿ ಕಾಣದ ವಿಮಾನಗಳು ದೇವನಹಳ್ಳಿಯ ಮೇಲೆ ಸುತ್ತು ಹಾಕುತ್ತಿರುತ್ತವೆ. ಕಣ್ಣಿಗೆ ಬೀಳುವುದಿಲ್ಲ. ಸದ್ದು ಮಾತ್ರ ಕೇಳುತ್ತದೆ, ಎಲ್ಲೋ ಯಾರೋ ರಾಗಿ ಬೀಸುತ್ತಿರುವ ಹಾಗೆ.

ಪಾಪಕ್ಕನಿಗೆ ಆ ಹೊತ್ತೆಂದರೆ ಇಷ್ಟ. ಮೊರದ ತುಂಬ ಅವರೆಕಾಯಿ ಹಾಕಿಕೊಂಡು ತಾರಸಿ ಹತ್ತುತ್ತಾಳೆ. ಅಲ್ಲಿ ಎಂಟು ಸೋಲಾರ್ ಪ್ಲೇಟುಗಳಿವೆ. ಹಾಲಿನ ಡೇರಿಯಲ್ಲಿ ಕಾರ್ಯದರ್ಶಿಯಾಗಿರುವ ಅವಳ ಮಗ ರವಿಚಂದ್ರ ಆಷಾಢದಲ್ಲಿ ಹಾಕಿಸಿದ್ದು. ಮಂಜು ಹರಿಯುತ್ತಿದ್ದಂತೆ ಆಕಾಶ ಆ ಪ್ಲೇಟುಗಳೊಳಗೆ ಇಳಿಯುತ್ತದೆ. ಮೋಡ ಹೋಗುತ್ತದೆ, ಕೊಕ್ಕರೆ ಹೋಗುತ್ತದೆ, ಒಮ್ಮೊಮ್ಮೆ ವಿಮಾನವೊಂದು ಮೀನಿನಂತೆ ಈಜಿಕೊಂಡು ಹೋಗುತ್ತದೆ. ಅವಳ ಮಟ್ಟಿಗೆ ಅದು ಮನೆಯ ಮೇಲಿನ ಕುಂಟೆ, ಒಂದು ಪುಟ್ಟ ಕೆರೆ. ಕಾಯಿ ಸುಲಿಯುವ ಕೈ ನಿಂತದ್ದೂ ತಿಳಿಯದೆ ಅದನ್ನೇ ನೋಡುತ್ತಾ ಕೂತಿರುತ್ತಾಳೆ.

ಒಂದು ಬೆಳಿಗ್ಗೆ ಸೊಸೆ ಅಕ್ಷತ ಬಟ್ಟೆಯ ಬಕೆಟ್ ಹಿಡಿದು ಮೇಲೆ ಬಂದಳು. ಅವಳಿಗೆ ಆಗ ಐದು ತಿಂಗಳು. ಮೊದಲ ಬಿಸಿಲು ಬೀಳುವುದು ಪ್ಲೇಟುಗಳ ಕಡೆಗೇ ಎಂದು, ಅವುಗಳನ್ನು ಹೊತ್ತ ಕಂಬಿಯ ಮೇಲೆ ಒದ್ದೆ ಟವೆಲ್ ಹರವಿದಳು. ತಕ್ಷಣ ಕೈ ಹಿಂದಕ್ಕೆಳೆದುಕೊಂಡಳು.

"ಅತ್ತೆ, ಕೈ ಜುಮ್ ಅಂತು."

"ಚಳಿ ಕಣಮ್ಮ. ಖಾಲಿ ಹೊಟ್ಟೇಲಿ ತಣ್ಣೀರಲ್ಲಿ ಕೈಯಾಡಿಸಿದ್ರೆ ಜುಮ್ ಅನ್ನದೆ ಇನ್ನೇನಾಗುತ್ತೆ."

"ಚಳಿಯಾದ್ರೆ ಎರಡು ಕೈಗೂ ಆಗ್ಬೇಕಲ್ಲ? ಈ ಕಂಬಿ ಮುಟ್ಟಿದ ಕೈಗೆ ಮಾತ್ರ ಆಯ್ತು."

"ನಿಂಗೆ ರಕ್ತ ಕಮ್ಮಿ. ನುಗ್ಗೆಸೊಪ್ಪು ತಿನ್ನು ಅಂದ್ರೆ ತಟ್ಟೆ ಅಂಚಿಗೆ ತಳ್ತೀಯ."

ಅಕ್ಷತ ಬಕೆಟ್ ಎತ್ತಿಕೊಂಡು ಕೆಳಗಿಳಿದಳು. ಎರಡು ದಿನ ಕಳೆದು ಮತ್ತೆ ಹಾಗೇ ಆಯಿತು. ಈ ಸಲ ಮೊಣಕೈವರೆಗೂ ಹತ್ತಿತು. ಬಕೆಟ್ ಉರುಳಿತು. ಅವಳು ಗೋಡೆಗೊರಗಿ ಕೂತು, ಇನ್ನೊಂದು ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡಳು.

ಆ ಮುಖ ನೋಡಿ ರವಿಚಂದ್ರ ಅಂದೇ ಸೂಲಿಬೆಲೆಯ ನಜೀಬುಲ್ಲಾನಿಗೆ ಫೋನ್ ಮಾಡಿದ. ನಜೀಬುಲ್ಲಾ ಮೂವತ್ತು ವರ್ಷದಿಂದ ಪಂಪ್‌ಸೆಟ್ ಮೋಟಾರುಗಳಿಗೆ ವೈರ್ ಸುತ್ತಿಕೊಡುವವನು. ಸುತ್ತಿನ ಹಳ್ಳಿಗಳಲ್ಲಿ ಅವನು ಬಿಚ್ಚಿ ನೋಡದ ಮೋಟಾರು ಕಡಿಮೆ.

"ಅದಕ್ಯಾಕಪ್ಪ ನಜೀಬುನ ಕರೆಸ್ದೆ?" ಪಾಪಕ್ಕ ಮಗನಿಗೆ ಹೇಳಿದಳು. "ಬಿಸಿಲು ಕುಡ್ಕೊಂಡು ಸುಮ್ನೆ ಮಲಗಿರೋದು ಅದು. ಯಾರಿಗೇನು ಮಾಡುತ್ತೆ?"

ನಜೀಬುಲ್ಲಾ ಬಂದ. ರಬ್ಬರ್ ಚಪ್ಪಲಿ ಬಿಡದೆ ತಾರಸಿ ಹತ್ತಿದ. ಜೇಬಿನಿಂದ ಟೆಸ್ಟರ್ ತೆಗೆದು ಕಂಬಿಗೆ ಮುಟ್ಟಿಸಿದ. ಟೆಸ್ಟರಿನ ಹೊಟ್ಟೆಯಲ್ಲಿ ಮಿಣುಕುಹುಳದಷ್ಟು ಬೆಳಕು ಹೊತ್ತಿತು.

"ನೋಡಿ ಪಾಪಕ್ಕ."

"ಕಬ್ಬಿಣಕ್ಕೂ ಕರೆಂಟ್ ಕೊಟ್ಟವ್ರಾ?"

"ಕೊಟ್ಟಿಲ್ಲ, ಜಿನುಗ್ತಾ ಇದೆ. ನೀರಿನ ಪೈಪು ಜಿನುಗೋದಿಲ್ವಾ, ಹಂಗೆ. ಅದು ಮಣ್ಣಿಗೆ ಇಳಿದು ಹೋಗೋಕೆ ದಾರಿ ಮಾಡಿರ್ಬೇಕು. ಅದಕ್ಕೇ ಅರ್ಥಿಂಗು ಅನ್ನೋದು. ದಾರಿ ಇಲ್ದಿದ್ರೆ, ಬರಿಗಾಲಲ್ಲಿ ಒದ್ದೆ ಕೈಯಲ್ಲಿ ಯಾರು ಮುಟ್ತಾರೋ ಅವರ ಮೈಯಿಂದ್ಲೇ ಇಳಿಯುತ್ತೆ. ಇವತ್ತು ಜುಮ್ ಅಂತು. ಮಳೆ ಬಂದ ದಿನ ಕೈ ಬಿಡಿಸ್ಕೊಳ್ಳೋಕೂ ಆಗ್ದೇ ಹೋಗ್ಬೋದು."

"ಮೇನ್ ಸ್ವಿಚ್ ಆಫ್ ಮಾಡಿದ್ರೆ ಸಾಕಾ ನಜೀಬಣ್ಣ?" ರವಿಚಂದ್ರ ಕೇಳಿದ.

"ಸಾಕಾಗಲ್ಲ. ಬಿಸಿಲಿರೋವರೆಗೂ ಪ್ಲೇಟಲ್ಲಿ ಕರೆಂಟ್ ಹುಟ್ತಾನೇ ಇರುತ್ತೆ. ಸರಿ ಮಾಡೋತನಕ ಯಾರೂ ಮೇಲೆ ಹತ್ಬೇಡಿ."

ಆಮೇಲೆ ಅವನು ಕಂಬಿಯಿಂದ ಹೊರಟ ಹಸಿರು ವೈರಿನ ಹಿಂದೆ ಹೊರಟ. ವೈರು ಗೋಡೆಗುಂಟ ಇಳಿದು, ಕೊಟ್ಟಿಗೆಯ ಪಕ್ಕ ನೆಲದಲ್ಲಿದ್ದ ಒಂದು ಪ್ಲಾಸ್ಟಿಕ್ ಮುಚ್ಚಳದೊಳಗೆ ಹೋಗಿತ್ತು. ಮುಚ್ಚಳದ ಸುತ್ತ ಪಾಪಕ್ಕ ದಿನಾ ಎಳೆಯುವ ರಂಗೋಲಿ. ನಜೀಬುಲ್ಲಾ ಅದು ಅಳಿಸದಂತೆ ಕೂತು ಮುಚ್ಚಳ ಎತ್ತಿದ. ಒಳಗೆ ಒಣ ಮಣ್ಣು. ಸುರುಳಿ ಸುತ್ತಿಟ್ಟ ವೈರಿನ ತುದಿ. ನಾಲ್ಕು ಇರುವೆ. ಗುಂಡಿಯೂ ಇಲ್ಲ, ನೆಲಕ್ಕೆ ಇಳಿಸಬೇಕಾದ ರಾಡೂ ಇಲ್ಲ.

"ಇದನ್ನ ತೋಡ್ಲೇ ಇಲ್ವಲ್ಲ ಪಾಪಕ್ಕ."

ಪಾಪಕ್ಕ ಸೆರಗು ಹೊದ್ದುಕೊಂಡು ನಿಂತಳು. ಅವಳಿಗೆ ನೆನಪಾಯಿತು. ಅಂದು ಕೆಲಸದವರು ಹಾರೆ ತಂದಾಗ ತಡೆದವಳು ಅವಳೇ. ಆಷಾಢದಲ್ಲಿ ಅಂಗಳ ಅಗೆಯಬಾರದು, ಬೇಡ ಎಂದಿದ್ದಳು. ಸೋಲಾರ್ ಕಂಪನಿಯಿಂದ ಕೆಲಸ ಮಾಡಿಸಲು ಬಂದಿದ್ದ ಹರಿಪ್ರಸಾದ್ ಒಂದು ಮಾತೂ ವಾದಿಸದೆ, "ಆಯ್ತಮ್ಮ, ನಿಮ್ಮಿಷ್ಟ," ಎಂದಿದ್ದ. ಎಂಥಾ ಒಳ್ಳೆ ಹುಡುಗ ಎಂದು ಮಜ್ಜಿಗೆ ಕೊಟ್ಟಿದ್ದಳು. ಶ್ರಾವಣದಲ್ಲಿ ಬಂದು ತೋಡುತ್ತಾರೆ ಅಂದುಕೊಂಡಿದ್ದಳು. ಶ್ರಾವಣ ಹೋಯಿತು, ದೀಪಾವಳಿಯೂ ಹೋಯಿತು.

ಕೆಲಸ ಪೂರ್ತಿಯಾಗಿದೆ ಎಂಬ ಕಾಗದಕ್ಕೆ ರವಿಚಂದ್ರ ಸಹಿ ಹಾಕಿದ್ದು ಡೇರಿಯಲ್ಲಿ, ಸಂಜೆ ಹಾಲು ಅಳೆಯುವ ಗದ್ದಲದಲ್ಲಿ, ಕ್ಯಾನಿನ ಮುಚ್ಚಳದ ಮೇಲೆ ಕಾಗದ ಇಟ್ಟುಕೊಂಡು.

"ಓದ್ಲಿಲ್ವಾ?" ಅಕ್ಷತ ಕೇಳಿದಳು.

"ಸರದಿಯಲ್ಲಿ ಜನ ನಿಂತಿದ್ರು," ಎಂದ. ಹೆಂಡತಿಯ ಮುಖ ನೋಡಲಿಲ್ಲ.

ಆ ಮಧ್ಯಾಹ್ನ ಊಟವಾದ ಮೇಲೆ ಪಾಪಕ್ಕ ಪಡಸಾಲೆಯಲ್ಲಿ ಮಲಗಿದಳು. ಕನಸು ಬಿತ್ತು. ಅವಳು ಕೆರೆ ಏರಿಯ ಮೇಲಿದ್ದಾಳೆ. ನೀರು ಮೆಲ್ಲಗೆ ಏರುತ್ತಿದೆ, ಸದ್ದಿಲ್ಲ. ಮೇಲೆಲ್ಲ ಮೋಡ, ವಿಮಾನ, ಬಿಸಿಲು ತೇಲುತ್ತಿವೆ. ತುಂಬಾ ಚೆನ್ನಾಗಿದೆ. ಆದರೆ ಎಷ್ಟು ಹುಡುಕಿದರೂ ಕೆರೆಗೆ ತೂಬಿಲ್ಲ. ನೀರು ಹೊರಗೆ ಹೋಗಲು ಒಂದೂ ದಾರಿಯಿಲ್ಲ. ಸೊಸೆ ನೀರಿನಂಚಿನಲ್ಲಿ ಕೂತು ಬಟ್ಟೆ ಒಗೆಯುತ್ತಿದ್ದಾಳೆ, ಕರೆದರೆ ತಿರುಗುವುದಿಲ್ಲ. ಎಚ್ಚರವಾದಾಗ ಪಾಪಕ್ಕನ ಬಾಯಿ ಒಣಗಿತ್ತು. ಎದ್ದವಳೇ ಮಗನಿಗೆ ಹೇಳಿದಳು: "ಆ ಹುಡುಗನ್ನ ಕರೆಸು. ನಾಳೇನೇ ಬರ್ಲಿ."

ಕಾಗದದಲ್ಲಿ ಕಂಪನಿಯ ವಿಳಾಸವಿತ್ತು, ಫೋನ್ ನಂಬರಿತ್ತು, ಐದು ವರ್ಷ ನೋಡಿಕೊಳ್ಳುತ್ತೇವೆ ಎಂಬ ಮಾತೂ ಇತ್ತು. ರವಿಚಂದ್ರ ನಾಲ್ಕು ಸಲ ಫೋನ್ ಮಾಡಿದ, ಯಾರೂ ಬರುತ್ತೇವೆ ಎನ್ನಲಿಲ್ಲ. ಐದನೆಯ ಸಲ ಕಾಗದದ ಮೇಲಿನ ಆ ಐದು ವರ್ಷದ ಸಾಲನ್ನು ಓದಿ ಹೇಳಿದ. ಮರುದಿನ ಹರಿಪ್ರಸಾದ್ ಬಂದ. ಬಂದವನೇ ತನ್ನ ಫೋನಿನಲ್ಲಿ ಮುಚ್ಚಳದ ಫೋಟೋ ತೋರಿಸಿದ.

"ಸರ್, ಫೈಲಲ್ಲಿ ಎಲ್ಲಾ ಸರಿಯಾಗಿದೆ. ತೋಡ್ಬೇಡಿ ಅಂದಿದ್ದು ಅಮ್ಮಾನೇ. ಬೇಕಾದ್ರೆ ಕೇಳಿ."

"ಹೌದಪ್ಪ, ನಾನೇ ಅಂದೆ," ಎಂದಳು ಪಾಪಕ್ಕ. "ಅದು ನನ್ನ ತಪ್ಪೇ. ಆದ್ರೆ ಆಸ್ಪತ್ರೇಲಿ ಮಗೀಗೆ ಸೂಜಿ ಬೇಡ ಅಂತ ನಾನು ಅಂದ್ರೆ, ನರ್ಸಮ್ಮ ಸುಮ್ನಾಗ್ಬಿಟ್ಟು, ಹಾಕಿದ್ದೀನಿ ಅಂತ ಬರ್ಕೋತಾಳಾ? ಯಾಕೆ ಹಾಕಿಸ್ಬೇಕು ಅಂತ ಕೂರಿಸಿ ಹೇಳ್ತಾಳೆ. ನಂಗೆ ಗೊತ್ತಿರ್ಲಿಲ್ಲ ಮಗ. ನಿಂಗೆ ಗೊತ್ತಿತ್ತು."

ಹರಿಪ್ರಸಾದ್ ಫೋನನ್ನು ಜೇಬಿಗಿಟ್ಟ. "ಆ ತಿಂಗಳು ಹನ್ನೆರಡು ಮನೆ ಮುಗಿಸ್ಬೇಕಿತ್ತಮ್ಮ," ಎಂದ, ನೆಲ ನೋಡುತ್ತಾ. "ಆಮೇಲೆ ಬಂದು ಮಾಡೋಣ ಅಂದ್ಕೊಂಡೆ. ಮರೆತೇಹೋಯ್ತು."

"ಕರೆಂಟು ನಮ್ಮುಡುಗಿ ಕೈನ ಮರೀಲಿಲ್ವಲ್ಲ," ಎಂದಳು ಪಾಪಕ್ಕ.

ಅವನು ಅಂದೇ ಇಬ್ಬರು ಕೆಲಸದವರನ್ನು ಕರೆಸಿದ. ಅಂಗಳಕ್ಕೆ ಹಾರೆ ಬಿತ್ತು. ಆಳೆತ್ತರಕ್ಕಿಂತ ಉದ್ದದ ರಾಡು ಇಳಿಯಿತು. ತಾರಸಿ ಮೂಲೆಯಲ್ಲಿ ನಿಲ್ಲಿಸಿದ್ದ ಸಿಡಿಲು ಹಿಡಿಯುವ ಸರಳಿಗೆ ಬೇರೆಯೇ ಗುಂಡಿ ತೋಡಬೇಕೆಂದು ನಜೀಬುಲ್ಲಾ ಪಟ್ಟು ಹಿಡಿದ, ಅದೂ ಆಯಿತು. ಮೇಲೆ ಪ್ಲೇಟಿನಡಿ ಒಂದು ವೈರು ಕಬ್ಬಿಣದ ಅಂಚಿಗೆ ಉಜ್ಜಿ ಉಜ್ಜಿ ಸಿಪ್ಪೆ ಕಳೆದುಕೊಂಡಿತ್ತು. ಅದನ್ನು ತೆಗೆದು ಹೊಸದು ಹಾಕಿ, ಕೊಳವೆಯೊಳಗೆ ಸೇರಿಸಿದರು. ಕೊನೆಗೆ ಕರೆಂಟು ಮಣ್ಣಿಗೆ ಸರಿಯಾಗಿ ಇಳಿಯುತ್ತದೆಯೇ ಎಂದು ಮೀಟರ್ ಹಚ್ಚಿ ಅಳೆದು, ಆ ಅಂಕಿಯನ್ನು ತಾರೀಖಿನೊಂದಿಗೆ ಕಾಗದದಲ್ಲಿ ಬರೆದು ಹರಿಪ್ರಸಾದ್ ತನ್ನ ಹೆಸರು ಹಾಕಿದ. ನಜೀಬುಲ್ಲಾ ಕಂಬಿಗೆ ಟೆಸ್ಟರ್ ಇಟ್ಟ. ಬೆಳಕು ಹತ್ತಲಿಲ್ಲ. ರವಿಚಂದ್ರ ಈ ಬಾರಿ ಮೂರು ಸಲ ಓದಿ ಸಹಿ ಮಾಡಿದ.

ಪಾಪಕ್ಕ ಸುಮ್ಮನಾಗಲಿಲ್ಲ. "ಆಷಾಢದಲ್ಲಿ ಬೇರೆ ಯಾರ ಮನೇಲೂ ಹಿಂಗೇ ಬಿಟ್ಟಿದ್ದೀರಾ?"

ಹರಿಪ್ರಸಾದ್ ಫೋನಿನಲ್ಲಿದ್ದ ಪಟ್ಟಿ ತೆರೆದು ನೋಡಿದ. ಆಮೇಲೆ, "ಈ ಊರಲ್ಲಿ ಇನ್ನೂ ಮೂರು," ಎಂದ. "ಕದಿರಮ್ಮನವರ ಮನೆ ಒಂದು."

"ಕದಿರಮ್ಮ ನಿನ್ನ ಮಾತಿಗೆ ಅಂಗಳ ಅಗೆಯೋಕೆ ಬಿಡಲ್ಲ. ನಾನೂ ಬರ್ತೀನಿ, ನಡಿ."

ಬಿಸಿಲು ಓರೆಯಾಗಿತ್ತು. ಹಾರೆ ಹೊತ್ತ ಇಬ್ಬರು, ಅವರ ಹಿಂದೆ ಹರಿಪ್ರಸಾದ್, ಎಲ್ಲರಿಗಿಂತ ಮುಂದೆ ಪಾಪಕ್ಕ. ಅವರ ನೆರಳುಗಳು ಉದ್ದವಾಗಿ, ನಿಧಾನವಾಗಿ ಬೀದಿಯಲ್ಲಿ ಸಾಗಿದವು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಬಿಸಿಲಿನಿಂದ ಕರೆಂಟು ಪಡೆಯುವುದು ಒಳ್ಳೆಯ ಕೆಲಸ. ಹೆದರಿ ಹಿಂದೆ ಸರಿಯಬೇಡಿ. ಆದರೆ ಹಾಕಿಸುವ ದಿನ ಮನೆಯವರೊಬ್ಬರು ಜೊತೆಗೇ ಇರಿ. ಗುಂಡಿ ತೋಡಿದ್ದನ್ನು, ರಾಡು ಇಳಿದದ್ದನ್ನು ಕಣ್ಣಾರೆ ನೋಡಿ. ಅಳತೆ ಮಾಡಿ ತೋರಿಸಿ ಎಂದು ಕೇಳಿ. ಮುಂದೆ ತೊಂದರೆಯಾದರೆ ಯಾರು ಬರುತ್ತಾರೆ, ಎಷ್ಟು ವರ್ಷ ಬರುತ್ತಾರೆ ಎಂಬುದನ್ನು ಬರೆಸಿಕೊಳ್ಳಿ. ಪ್ಲೇಟಿನ ಕಂಬಿಗೆ ಬಟ್ಟೆ ಹರವಬೇಡಿ. ನೀವು ಬೇಡ ಎಂದ ಕೂಡಲೇ ಅಗತ್ಯದ ಕೆಲಸವನ್ನೂ ಬಿಟ್ಟುಬಿಡುವವರನ್ನು ಒಳ್ಳೆಯವರೆಂದು ನಂಬಬೇಡಿ. ಯಾಕೆ ಬೇಕು ಎಂದು ನಿಂತು ಹೇಳುವವರಿಗೆ ಕೆಲಸ ಕೊಡಿ. ಈಗಾಗಲೇ ಹಾಕಿಸಿದ್ದರೆ, ತಿಳಿದವರೊಬ್ಬರನ್ನು ಕರೆದು ಈ ವಾರವೇ ನೋಡಿಸಿ. ಆ ಕಂಬಿಯನ್ನು ಮುಟ್ಟುವ ಕೈ ನಿಮ್ಮ ಮನೆಯವರದು.