ಒಂದೇ ಮನೆಯಲ್ಲಿ ಇಬ್ಬರು ಹೊಗ್ಲಾ

ಮೃಗಪಕ್ಷಿಗಳನ್ನು ಉಂಟುಮಾಡಿದ ದೇವರು, ಅವಕ್ಕೆ ಹೆಸರಿಡುವ ಕೆಲಸವನ್ನು ಮಾತ್ರ ಆದಾಮನಿಗೆ ಬಿಟ್ಟ. ಗೌಜಲಹಕ್ಕಿ ಮುಂದೆ ಬಂದು ನಿಂತಾಗ ಅವನು ಅದನ್ನು ಹೊಗ್ಲಾ ಎಂದು ಕರೆದ. ಹಕ್ಕಿ ಆ ಹೆಸರನ್ನು ತಕರಾರಿಲ್ಲದೆ ಹೊತ್ತುಕೊಂಡು ಪೊದೆಯೊಳಗೆ ಓಡಿತು. ಇಸ್ರಾಯೇಲಿನ ಗಲಿಲಾಯದ ಗುಡ್ಡದ ಮೇಲಿನ ಸಣ್ಣ ಊರೊಂದರಲ್ಲಿ ಹುಟ್ಟಿದ ಹೆಂಗಸಿಗೆ ಅದೇ ಹೆಸರು ಒಗ್ಗುವುದಕ್ಕೆ ತಲೆ ಪೂರ್ತಿ ನೆರೆಯಬೇಕಾಯಿತು.

ಅವಳ ಅಪ್ಪ ಮಖ್ಲೂಫ್ ಮೊರೊಕ್ಕೋದಿಂದ ಹಡಗು ಹತ್ತಿ ಬಂದವನು. ಕಲ್ಲು ಹೆಕ್ಕಿ ಹೆಕ್ಕಿ ಹೊಲ ಮಾಡಿದವನು. ಮೊದಲನೆಯ ಮಗಳಿಗೆ ತನ್ನ ತಾಯಿಯ ಹೆಸರಿಟ್ಟ, ಎರಡನೆಯವಳಿಗೆ ಅತ್ತೆಯ ಹೆಸರಿಟ್ಟ. ಮೂರನೆಯದೂ ಹೆಣ್ಣಾದಾಗ ನೆರೆಹೊರೆಯವರು ಲೊಚಗುಟ್ಟಿದರು. ಅವನು ಶಾಸ್ತ್ರ ತೆರೆದು, ಗಂಡುಮಕ್ಕಳಿಲ್ಲದ ಚಲ್ಪಹಾದನ ಕಥೆಗೆ ಬಂದ. ಚಲ್ಪಹಾದ ಸತ್ತ ಮೇಲೆ ಅವನ ಐವರು ಹೆಣ್ಣುಮಕ್ಕಳು ಮೋಶೆಯ ಮುಂದೆ, ಇಡೀ ಸಭೆಯ ಮುಂದೆ ನಿಂತು, ಮಗನಿಲ್ಲ ಎಂಬ ಮಾತ್ರಕ್ಕೆ ನಮ್ಮಪ್ಪನ ಹೆಸರು ಅಳಿಯಬೇಕೇ, ನಮಗೂ ಭೂಮಿ ಕೊಡಿ ಎಂದು ಕೇಳಿದರು. ಮೋಶೆ ದೇವರನ್ನೇ ಕೇಳಿದ. ಹುಡುಗಿಯರು ಹೇಳುವುದು ಸರಿಯಾಗಿದೆ ಎಂದ ದೇವರು. ಆ ಐವರ ಹೆಸರು ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ. "ನಮ್ಮದು ಮೂರನೇದು, ಅಲ್ಲಿ ಮೂರನೇವಳ ಹೆಸರೇ ಇದಕ್ಕೂ ಇರಲಿ" ಎಂದ ಮಖ್ಲೂಫ್.

ಹೆಸರಿನ ಭಾಗ್ಯವೂ ಹಂಚಿಕೆಯ ಹೊಲದ ಹಾಗೆಯೇ, ಒಬ್ಬರಿಗೆ ಎರೆಮಣ್ಣು, ಒಬ್ಬರಿಗೆ ಬಂಡೆ. ಆ ಐವರಲ್ಲಿ ನೋವಾಳ ಹೆಸರು ನಾಡೆಲ್ಲ ಹಬ್ಬಿತು. ಯಾವ ಶಾಲೆಯಲ್ಲಿ ನೋವಾ ಎಂದು ಕೂಗಿದರೂ ನಾಲ್ಕು ಜಡೆಗಳು ತಿರುಗುತ್ತವೆ. ಹೊಗ್ಲಾ ಎಂದು ಕೂಗಿದರೆ ತಿರುಗುವುದು ಬೇಲಿಯಾಚೆಯ ಹಕ್ಕಿಯೊಂದೇ. ಶಾಲೆಯಲ್ಲಿ ಮಕ್ಕಳು ಇವಳ ಬೆನ್ನ ಹಿಂದೆ ಗೌಜಲಿನ ಹಾಗೆ ಕಕಕ್ಕ ಎನ್ನುತ್ತಿದ್ದರು. ಆಸ್ಪತ್ರೆಯಲ್ಲಿ ನರ್ಸುಗಳು ಎರಡೆರಡು ಸಲ ಹೆಸರು ಕೇಳಿ, ನಗು ನುಂಗಿಕೊಂಡು ಬರೆಯುತ್ತಿದ್ದರು. ಹಾಗೆಂದು ಹೆಸರು ಅವಳ ಕೈಬಿಡಲೂ ಇಲ್ಲ. ಅಪ್ಪನಿಗೆ ವಯಸ್ಸಾಗಿ, ಹಿಡುವಳಿ ಯಾವ ಅಳಿಯನಿಗೆ ಎಂದು ಊರಿನ ಸಮಿತಿ ಚರ್ಚೆಗೆ ಕೂತಾಗ, ಇವಳು ಮಣ್ಣುಗಾಲಲ್ಲೇ ಒಳಗೆ ಹೋಗಿ, ಅಳಿಯನಿಗಲ್ಲ, ನನಗೆ ಎಂದಳು. ಅಪ್ಪ ಹಿಂದಿನ ಬೆಂಚಿನಲ್ಲಿ ಗಡ್ಡ ನೀವುತ್ತ ನಗುತ್ತಿದ್ದ. ಈಗ ಆ ಹೊಲ ಬಾದಾಮಿ ತೋಟವಾಗಿದೆ, ಅದು ಅವಳದೇ.

ಮಗ ಯಿನೋನನ ಹೆಂಡತಿ ಎಲಿಶೇವ ಬಸುರಿಯಾಗಿ, ಕೂಸು ಹೆಣ್ಣೆಂದು ತಿಳಿದಾಗ ಊರಿಗೆ ಊರೇ ಹೆಸರನ್ನು ತೀರ್ಮಾನಿಸಿಬಿಟ್ಟಿತ್ತು. ಮೊರೊಕ್ಕೋದವರಲ್ಲಿ ಮೊದಲ ಮೊಮ್ಮಗಳಿಗೆ ಬದುಕಿರುವ ಅಜ್ಜಿಯ ಹೆಸರಿಡುವುದೇ ಅಜ್ಜಿಗೆ ಹಾಕುವ ಹೂಮಾಲೆ. ಆದರೆ ಎಲಿಶೇವಳ ತಾಯಿ ಡಿತ್ಸಾ ಪೋಲೆಂಡಿನ ಮೂಲದವಳು, ಹೈಫಾ ಪಟ್ಟಣದಲ್ಲಿ ಬೆಳೆದವಳು. ಅವರ ಕಡೆ ಬದುಕಿರುವವರ ಹೆಸರನ್ನು ಕೂಸಿಗೆ ಇಡುವುದೆಂದರೆ ಎದೆ ಝಲ್ಲೆನ್ನುವ ಮಾತು. ಮರಣದೂತ ಬಾಗಿಲಿಗೆ ಬಂದು ಹೆಸರು ಕರೆದಾಗ ಒಂದೇ ಹೆಸರಿನ ಇಬ್ಬರಿದ್ದರೆ, ಮುದುಕಿಯ ಬದಲು ಕೂಸನ್ನು ಎತ್ತಿಕೊಂಡು ಹೋದರೆ?

ಒಂದು ಮಧ್ಯಾಹ್ನ ಬೀಗಿತ್ತಿಯರಿಬ್ಬರೂ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಡಿತ್ಸಾ ಅಳುಕುತ್ತಲೇ ಈ ಮಾತು ತೆಗೆದಳು.

"ನೀವು ನಗಬಹುದು ಬೀಗಿತ್ತಿ. ನಾನು ದೇವರನ್ನ ನಂಬ್ತೀನೋ ಇಲ್ವೋ ನನಗೇ ಗೊತ್ತಿಲ್ಲ. ಮರಣದೂತನನ್ನ ಮಾತ್ರ ನಂಬ್ತೀನಿ."

ಹೊಗ್ಲಾ ನಗಲಿಲ್ಲ. ಅವರ ಮನೆಯಲ್ಲಿ ಆ ದೂತ ಎಷ್ಟು ಸಲ ಬಂದು ಹೋಗಿದ್ದನೆಂಬುದು ಅವಳಿಗೆ ಗೊತ್ತಿತ್ತು. ಒದ್ದೆ ಕೈಯಿಂದಲೇ ಡಿತ್ಸಾಳ ಕೈ ಹಿಡಿದು, ನನ್ನ ಹೆಸರು ನನ್ನ ಜೊತೆಗೇ ಹೋಗಲಿ, ಆ ಕೂಸಿಗೆ ಕಕಕ್ಕ ಅನ್ನಿಸಿಕೊಳ್ಳುವ ಕರ್ಮ ಬೇಡ, ಇದು ನಾನು ಕೊಡುವ ಮಾತು ಎಂದಳು. ಎಳೆಯರು ನೋವಾ ಎಂದು ಆರಿಸಿಕೊಂಡರು. ಡಿತ್ಸಾಳ ಮುಖ ಅರಳಿತು. "ಒಳ್ಳೇದಾಯ್ತು. ನಾಡಲ್ಲಿ ಅಷ್ಟು ನೋವಾಗಳಿದಾರೆ, ಆ ದೂತನಿಗೆ ವಿಳಾಸವೇ ಸಿಗಲ್ಲ."

ಆಮೇಲೆ ಚಳಿಗಾಲ ಬಂತು. ಹೊಗ್ಲಾ ಬಾದಾಮಿಯ ಕೊಂಬೆ ಸವರಲು ಏಣಿ ಹತ್ತಿದವಳು ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಜ್ವರವೂ ಸೇರಿ, ಬದುಕುವುದೇ ಅನುಮಾನವೆಂಬಂತಾಯಿತು. ಯಿನೋನ್ ಪ್ರತಿ ಶನಿವಾರ, ಸಬ್ಬತ್ತಿನ ಬೆಳಿಗ್ಗೆ, ಸಭಾಮಂದಿರದಲ್ಲಿ ಶಾಸ್ತ್ರದ ಸುರುಳಿಯ ಪಕ್ಕ ನಿಲ್ಲುತ್ತಿದ್ದ. ಕಾರ್ಯ ನಡೆಸುವ ಮುದುಕ ಹನನ್ಯ ರೋಗಿಗಳ ಪ್ರಾರ್ಥನೆಗೆ ಬಂದಾಗ ತಲೆಯೆತ್ತಿ "ಹೆಸರು?" ಎನ್ನುವನು. ಇವನು "ಹೊಗ್ಲಾ" ಎನ್ನುವನು. ಊರೆಲ್ಲ ಆಮೆನ್ ಎನ್ನುವುದು. ವಾರದ ಮೇಲೆ ವಾರ ಹೀಗೇ ನಡೆದು, ದೇವರು ಕಿವಿಗೊಟ್ಟ. ಬಾದಾಮಿ ಹೂಬಿಟ್ಟು ಕಾಯಿ ಕಚ್ಚುವ ಹೊತ್ತಿಗೆ ಹೊಗ್ಲಾ ಕೋಲೂರಿ ಅಂಗಳಕ್ಕೆ ಬಂದಳು. ಗೋಧಿ ಹಣ್ಣಾಗುವ ಹೊತ್ತಿಗೆ ಮೊಮ್ಮಗಳು ಹುಟ್ಟಿದಳು.

ಹೆಸರಿಡುವ ಸಬ್ಬತ್ತಿನಂದು ಸಭಾಮಂದಿರ ಕಿಕ್ಕಿರಿದಿತ್ತು. ಮೇಲಿನ ಹೆಂಗಸರ ಮಾಳಿಗೆಯಲ್ಲಿ ಹೊಗ್ಲಾ ಕಟಕಟೆಗೆ ಕೋಲು ಒರಗಿಸಿ ಕೂತಿದ್ದಳು. ಅವಳ ಪಕ್ಕದಲ್ಲಿ ಹೈಫಾದಿಂದ ಹಿಂದಿನ ದಿನವೇ ಬಂದಿದ್ದ ಡಿತ್ಸಾ, ಆಚೆಗೆ ಕೂಸನ್ನೆತ್ತಿಕೊಂಡ ಎಲಿಶೇವ. ಎಲ್ಲರ ಮಡಿಲಲ್ಲೂ ಎಸೆಯುವುದಕ್ಕೆ ಮಿಠಾಯಿ. ಕೆಳಗೆ ಯಿನೋನನ ಹೆಸರು ಕೂಗಿದರು. ಅವನು ಪ್ರಾರ್ಥನೆಯ ಶಾಲು ಸರಿಮಾಡಿಕೊಂಡು ಸುರುಳಿಯ ಬಳಿ ಬಂದ. ಓದು ಮುಗಿಯಿತು. ಹನನ್ಯ ಕುಲದ ಮೂಲಮಾತೆಯರಾದ ಸಾರಳನ್ನೂ ರೆಬೆಕ್ಕಳನ್ನೂ ನೆನೆದು ಕೂಸನ್ನು ಹರಸುತ್ತ ಬಂದು, ಎಂದಿನಂತೆ ತಲೆಯೆತ್ತಿದ.

"ಹೆಸರು?"

"ಹೊಗ್ಲಾ" ಎಂದ ಯಿನೋನ್.

ಹನನ್ಯನಿಗೆ ಎಲ್ಲಿಯೂ ತಪ್ಪು ಕಾಣಲಿಲ್ಲ. ಅಜ್ಜಿಯ ಹೆಸರಲ್ಲದೆ ಇನ್ನಾವುದು ಇಟ್ಟಾರು? ಇಸ್ರಾಯೇಲಿನಲ್ಲಿ ಇವಳ ಹೆಸರು ಹೊಗ್ಲಾ ಎಂದು ಕರೆಯಲ್ಪಡಲಿ ಎಂದು ಗಟ್ಟಿಯಾಗಿ ಹಾಡಿದ. ಸಭೆ ಆಮೆನ್ ಎಂದು ಗುಡುಗಿತು. ಮಿಠಾಯಿ ಆಲಿಕಲ್ಲಿನಂತೆ ಸುರಿಯಿತು. ಮಾಳಿಗೆಯ ಹೆಂಗಸರು ನಾಲಿಗೆ ಹೊರಳಿಸಿ ಉಲಿದ ಸಂಭ್ರಮದ ಕೂಗಿಗೆ ಸೂರಿನ ಪಾರಿವಾಳಗಳು ಎದ್ದುಹೋದವು.

ಹೊಗ್ಲಾಳ ಕೈಯ ಮಿಠಾಯಿ ಕೈಯಲ್ಲೇ ಉಳಿಯಿತು. ತನ್ನ ಹೆಸರನ್ನು ಅಷ್ಟು ಜನ ಒಟ್ಟಿಗೆ, ನಗದೆ, ಹರಸುತ್ತ ಹೇಳಿದ್ದನ್ನು ಅವಳು ಹುಟ್ಟಿದಾರಭ್ಯ ಕೇಳಿರಲಿಲ್ಲ. ಬತ್ತಿದ ಬಾವಿಗೆ ನೀರು ಬಂದ ಹಾಗೆ ಒಳಗೇನೋ ಉಕ್ಕಿತು. ಉಕ್ಕಿದ್ದಕ್ಕೆ ಅವಳಿಗೆ ನಾಚಿಕೆಯಾಯಿತು. ತಿರುಗಿದರೆ ಡಿತ್ಸಾಳ ಮುಖ ಬಿಳುಚಿಕೊಂಡಿತ್ತು.

"ನೀವು ಮಾತು ಕೊಟ್ಟಿದ್ರಿ" ಎಂದಳು ಡಿತ್ಸಾ, ಮೆಲ್ಲಗೆ.

ಮನೆಗೆ ನಡೆದು ಬರುವಾಗ ದಾರಿಯುದ್ದಕ್ಕೂ ಊರವರು ಶುಭ ಹೇಳುತ್ತಿದ್ದರೆ ಹೊಗ್ಲಾ ಗೋಣು ಹಾಕುತ್ತ, ಒಳಗೊಳಗೇ ಬೇಯುತ್ತಿದ್ದಳು. ಹೆಸರು ದಕ್ಕಿಸಿಕೊಳ್ಳಲು ಮಗನ ಕಿವಿಯೂದಿದಳು ಎಂದುಕೊಂಡರೆ ಇನ್ನು ಬೀಗಿತ್ತಿ ಈ ಹೊಸ್ತಿಲು ತುಳಿದಾಳೇ? ಇಂಥ ಹೂಮಾಲೆ ಕೊರಳಿಗೆ ಉರುಳಲ್ಲವೇ?

ಮೇಜಿನ ಮೇಲೆ ಹಿಂದಿನ ಸಂಜೆಯಿಂದ ಸಣ್ಣ ಶಾಖದಲ್ಲಿ ಬೆಂದ ಗೋಧಿ, ಕಡಲೆ, ಕಂದುಬಣ್ಣಕ್ಕೆ ತಿರುಗಿದ ಮೊಟ್ಟೆ, ಎಲ್ಲ ಹಬೆಯಾಡುತ್ತಿದ್ದವು. ಯಾರೂ ಕೈ ಹಾಕಲಿಲ್ಲ. ಯಿನೋನ್ ತಪ್ಪಿತಸ್ಥನಂತೆ ತಲೆ ತಗ್ಗಿಸಿದ್ದ.

"ನಾನು ಬೇಕಂತ ಹೇಳ್ಲಿಲ್ಲ ಅತ್ತೆ. ಚಳಿಗಾಲದಿಂದ ಅದೇ ಜಾಗದಲ್ಲಿ ನಿಂತು, ಅದೇ ಮನುಷ್ಯ ಹೆಸರು ಅಂತ ಕೇಳಿದಾಗೆಲ್ಲ ಅಮ್ಮನ ಹೆಸರೇ ಹೇಳಿದೀನಿ. ಇವತ್ತೂ ಬಾಯಿ ತಾನಾಗೇ ಹೇಳಿಬಿಡ್ತು."

ಡಿತ್ಸಾ ಅವನನ್ನೇ ನೋಡಿದಳು. "ಪ್ರತಿ ವಾರ ಹೋಗ್ತಿದ್ಯಾ?"

"ಪ್ರತಿ ವಾರ."

ಹೊಗ್ಲಾಳಿಗೂ ಇದು ಗೊತ್ತಿರಲಿಲ್ಲ. ಹಾಸಿಗೆಯಲ್ಲಿದ್ದವಳಿಗೆ ಯಾರು ಹೇಳಬೇಕು? ಅವಳು ಎದ್ದು ಮಗನ ತಟ್ಟೆಗೆ ಮೊಟ್ಟೆಯೊಂದನ್ನು ಇಟ್ಟಳು. ಆಮೇಲೆ ಡಿತ್ಸಾಳ ಕಡೆ ತಿರುಗಿ, ಬರುವ ಸಬ್ಬತ್ತಿಗೆ ಇವನು ಮತ್ತೆ ಹೋಗಿ ನೋವಾ ಎಂದು ತಿದ್ದಿಸಲಿ, ನಮ್ಮ ಗುರು ರಬ್ಬಿಗೆ ನಾನೇ ಹೇಳುತ್ತೇನೆ, ನಾನು ಕೊಟ್ಟ ಮಾತು ನಿಲ್ಲಬೇಕು ಎಂದಳು. ದನಿ ಗಟ್ಟಿಯಾಗಿಯೇ ಇತ್ತು.

ಆಗ ಎಲಿಶೇವ, ಕೂಸಿನ ಬೆನ್ನು ತಟ್ಟುತ್ತಿದ್ದವಳು, ನಗತೊಡಗಿದಳು. ಹೆರಿಗೆ ಆಸ್ಪತ್ರೆಯಲ್ಲಿ ನೋವಾಳ ಅಮ್ಮ ಯಾರು ಎಂದು ನರ್ಸ್ ಕೇಳಿದಾಗ ಆ ಕೋಣೆಯೊಂದರಲ್ಲೇ ಮೂವರು ಕೈಯೆತ್ತಿದ್ದರಂತೆ. "ಅವತ್ತೇ ನನ್ನ ಮನಸ್ಸು ಮುರೀತು. ಇವತ್ತು ಹೊಗ್ಲಾ ಅಂತ ಕೂಗಿದಾಗ ಇವಳು ಕಣ್ಬಿಟ್ಟಳು ಅತ್ತೆ. ಈ ಹೆಸರು ನನಗೆ ಬೇಕು. ಭೂಮಿ ಕೇಳಿ ಪಡೆದವಳ ಹೆಸರು. ಆದ್ರೆ ಅಮ್ಮ ಹೆದರಿಕೊಂಡು ಬದುಕೋದು ಬೇಡ."

ಕಿಟಕಿಯಾಚೆ ತೋಟದಲ್ಲಿ ಗೌಜಲೊಂದು ಕಕಕ್ಕ ಎಂದಿತು. ಡಿತ್ಸಾ ಕರವಸ್ತ್ರವನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

"ಕಾಯಿಲೆ ಜೋರಾಗಿದ್ದಾಗ ನಿಮಗೆ ಇನ್ನೊಂದು ಹೆಸರು ಕೂಡಿಸ್ಲಿಲ್ವಾ? ನಮ್ಮಜ್ಜಿಗೆ ಕೂಡಿಸಿದ್ರು. ದೂತ ಹಳೇ ಹೆಸರು ಹುಡುಕಿಕೊಂಡು ಬಂದ್ರೆ, ಆ ಹೆಸರಿನವರು ಇಲ್ಲಿಲ್ಲ ಅಂತ ಹಿಂದೆ ಹೋಗ್ತಾನೆ."

"ನಮ್ಮಲ್ಲೂ ಉಂಟು. ರಬ್ಬಿ ಹೇಳಿದ್ರು, ನಾನೇ ಒಲ್ಲೆ ಅಂದೆ. ಒಂದು ಹೆಸರು ಹೊತ್ತೇ ಬೆನ್ನು ಬಾಗಿದೆ, ಇನ್ನೊಂದನ್ನ ಎಲ್ಲಿ ಹೊರಲಿ ಅಂದೆ."

"ಹಾಗಾದ್ರೆ ನಿಮಗೆ ಬರಬೇಕಾದ ಹೆಸರು ಇನ್ನೂ ಬಂದಿಲ್ಲ" ಎಂದಳು ಡಿತ್ಸಾ. ಅವಳ ಕಣ್ಣಲ್ಲಿ ತುಂಟತನವೋ ನೀರೋ ಏನೋ ಹೊಳೆಯಿತು. "ಈಗ ಕೂಡಿಸೋಣ. ಹಯಾ ಅಂತ. ಬದುಕುವವಳು ಅಂತ. ನೀವು ಹಯಾ ಹೊಗ್ಲಾ, ಇವಳು ಬರೀ ಹೊಗ್ಲಾ. ಒಂದೇ ಹೆಸರು ಅನ್ನೋ ಮಾತೇ ಇಲ್ಲ. ಅವನು ಬಂದ್ರೆ ಬಾಗಿಲಲ್ಲೇ ತಲೆ ಕೆರೆದುಕೊಂಡು ನಿಲ್ಲಲಿ."

"ಈ ವಯಸ್ಸಲ್ಲಿ ನನಗೆ ನಾಮಕರಣವಾ?"

"ಯಾಕೆ, ನಾಚಿಕೆಯಾ?"

ಹೊಗ್ಲಾ ಬಾಯಿಗೆ ಸೆರಗಿನಂತೆ ತಲೆವಸ್ತ್ರದ ತುದಿ ಅಡ್ಡಹಿಡಿದು ನಕ್ಕಳು. ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು. ಎಲ್ಲರ ಕೈಯೂ ತಟ್ಟೆಗೆ ಹೋದದ್ದು ಆಮೇಲೆ.

ರಬ್ಬಿ ಒಪ್ಪಿದರು, ಮೂಲಮಾತೆ ಸಾರಯಳಿಗೆ ದೇವರು ಸಾರಳೆಂದು ಹೊಸ ಹೆಸರಿಟ್ಟದ್ದು ತೊಂಬತ್ತರ ಹತ್ತಿರದಲ್ಲಿ ಎಂದು ಅವರೇ ನೆನಪಿಸಿದರು. ಮುಂದಿನ ಸಬ್ಬತ್ತಿಗೆ ಯಿನೋನ್ ಮತ್ತೆ ಸುರುಳಿಯ ಬಳಿ ನಿಂತ. ದಾರಿಯುದ್ದಕ್ಕೂ ಹಯಾ ಹೊಗ್ಲಾ, ಹಯಾ ಹೊಗ್ಲಾ ಎಂದು ಬಾಯಿಪಾಠ ಮಾಡಿಕೊಂಡು ಬಂದಿದ್ದ. ಹನನ್ಯ ತಲೆಯೆತ್ತಿದ. "ಹೆಸರು? ಈ ಸಲ ಯೋಚನೆ ಮಾಡಿ ಹೇಳಪ್ಪ" ಎಂದು ಕೆಳದನಿಯಲ್ಲಿ ಸೇರಿಸಿದ. ಮುಂದಿನ ಸಾಲಿನವರು ಶಾಲಿನೊಳಗೆ ನಕ್ಕರು. ಯಿನೋನ್ ಸರಿಯಾಗಿ ಹೇಳಿದ. ಆಮೆನ್ ಎದ್ದಿತು. ಮಾಳಿಗೆಯಲ್ಲಿ ಮೊದಲ ಮಿಠಾಯಿ ಎಸೆದವಳು ಡಿತ್ಸಾ. ಅದು ಹೋಗಿ ಹೊಗ್ಲಾಳ ಮೂಗಿಗೇ ತಗುಲಿತು. ಆಮೇಲೆ, ಆ ಕೂಗು ಬಾರದ ಹೈಫಾದ ಬಾಯಿಂದಲೇ, ಉಲಿಯಲು ನೋಡಿದಳು. ಮಾಳಿಗೆಯ ಹೆಂಗಸರೆಲ್ಲ ಸೇರಿ ಅದನ್ನು ಎತ್ತಿಕೊಂಡು ಪೂರೈಸಿದರು.

ಅದಾಗಿ ಕೆಲವು ದಿನಕ್ಕೆ ಹನನ್ಯ ಬೀದಿಯಲ್ಲಿ ಹೋಗುತ್ತಿದ್ದವನು, ತೋಟದ ಬೇಲಿಯ ಬಳಿ ನಿಂತು ಹೊಗ್ಲಾ ಎಂದು ಕೂಗಿದ. ಅವಳು ಬಾದಾಮಿ ಮರದ ಕೆಳಗೆ ಚಾಪೆಯ ಮೇಲೆ ಕೂಸಿನ ಪಕ್ಕ ಕೂತಿದ್ದಳು. ಕೇಳಿಸಿತು, ಆದರೂ ತಿರುಗಲಿಲ್ಲ. ಅವನು ಮತ್ತೆ ಕೂಗಿದ.

"ಹೋಗು ಕೂಸೇ," ಎಂದಳು ಮೊಮ್ಮಗಳ ಅಂಗಾಲು ತಟ್ಟಿ, "ನಿನ್ನನ್ನೇ ಕರೀತಿದಾರೆ."