ಕೆಂಪು ಟೇಪಿನ ಮೇಲಿನ ಸ್ಪೀಡು

ವಿಮಾನ ನಿಂತ ಕೂಡಲೇ ತರಬೇತಿ ಕೊಡುವ ಮೇಡಂ ಕೆಳಗಿಳಿದು ಥೂ ಎಂದು ಉಗಿದಳು. ಇಂಥ ಕಲಿಕೆಗಿಷ್ಟು ಬೆಂಕಿ ಹಾಕ!

ಹಾರಾಟ ಕಲಿಸುವ ಆ ಶಾಲೆಯ ಯಜಮಾನರು ಪ್ರತಿ ವಿಮಾನದ ಸ್ಪೀಡ್ ಮೀಟರಿಗೂ ಕೈಯಾರೆ ಕೆಂಪು ಟೇಪು ಅಂಟಿಸಿದ್ದರು. ಮುಳ್ಳು ಅದನ್ನು ದಾಟಿದ್ದರೆ ಸಾಕು, ವಿಮಾನ ಸ್ಟಾಲ್ ಆಗಿ, ಅಂದರೆ ರೆಕ್ಕೆಗೆ ಎತ್ತಿ ಹಿಡಿಯುವ ಬಲ ತಪ್ಪಿ, ಬೀಳುವ ಮಾತೇ ಇಲ್ಲ ಎಂಬುದು ಅವರ ವೇದವಾಕ್ಯ. ಅಲ್ಲೇ ಹಾರಲು ಕಲಿಯುತ್ತಿದ್ದ ಅವರ ಅಳಿಯ ಅದನ್ನೇ ಗಿಳಿಪಾಠ ಮಾಡಿದ್ದ. ಇವತ್ತು ಇಳಿಯುವ ಮುನ್ನ ಕೊನೆಯ ತಿರುವಿನಲ್ಲಿ ರನ್‌ವೇ ತಪ್ಪಿಹೋಗುತ್ತಿದೆ ಎಂದು ಗಾಬರಿಬಿದ್ದು, ವಿಮಾನವನ್ನು ಓರೆ ಮಾಡಿ, ಮೂತಿ ಎತ್ತುವ ಸ್ಟಿಕ್ಕನ್ನು ಹೊಟ್ಟೆಯತ್ತ ಎಳೆದುಕೊಂಡ. ಮುಳ್ಳು ಟೇಪಿಗಿಂತ ಎಷ್ಟೋ ಮೇಲಿತ್ತು. ಆದರೂ ರೆಕ್ಕೆ ಗಡಗಡ ನಡುಗಿತು. "ಸ್ಪೀಡ್ ಇದೆಯಲ್ಲ!" ಎಂದು ಮೀಟರನ್ನೇ ನೋಡುತ್ತ ಕೂತ, ಪುಣ್ಯಾತ್ಮ. ಪಕ್ಕದಲ್ಲಿದ್ದ ಮೇಡಂ ಅವನ ಕೈ ಕಿತ್ತು ಸ್ಟಿಕ್ಕನ್ನು ಮುಂದಕ್ಕೆ ಒತ್ತದಿದ್ದರೆ ಇಬ್ಬರೂ ಮಣ್ಣುಪಾಲಾಗುತ್ತಿದ್ದರು.

ಆಫೀಸಿನಲ್ಲಿ ಯಜಮಾನರು ಚಹಾಕ್ಕೆ ಬಿಸ್ಕತ್ತು ಅದ್ದಿ ತಿನ್ನುತ್ತಿದ್ದರು. ಅಳಿಯ ಪಕ್ಕದಲ್ಲಿ ಹಲ್ಲು ಕಿರಿಯುತ್ತಿದ್ದ. ನಾಳೆ ಗಂಡ ಮೊದಲ ಸಲ ಒಬ್ಬನೇ ಹಾರುತ್ತಾನೆಂದು ಹಿಗ್ಗಿದ್ದ ಯಜಮಾನರ ಮಗಳು ಬಾಗಿಲಲ್ಲಿ ನಿಂತಿದ್ದಳು.

"ನಾಳೆ ಇವರನ್ನ ಒಬ್ಬರನ್ನೇ ಬಿಡೋಕಾಗಲ್ಲ ಸರ್. ಸತ್ತೋಗ್ತಾರೆ," ಎಂದಳು ಮೇಡಂ.

"ಗಾಳಿ ಸರಿ ಇರ್ಲಿಲ್ಲ ಬಿಡಮ್ಮ. ಸ್ಪೀಡ್ ಇತ್ತಲ್ಲ?"

"ಸ್ಪೀಡ್ ಕಟ್ಕೊಂಡು ಏನ್ ಮಾಡ್ತೀರಿ? ಎದುರಿಂದ ಬರೋ ಗಾಳಿಗೆ ರೆಕ್ಕೆ ಅತಿಯಾಗಿ ಮೂತಿ ಎತ್ತಿದ್ರೆ, ಗಾಳಿ ರೆಕ್ಕೆ ಬಿಟ್ಟು ಹೋಗತ್ತೆ. ನೇರ ಹಾರುವಾಗ ಸ್ಪೀಡ್ ಕಮ್ಮಿಯಾದ್ರೆ ಹಾಗಾಗತ್ತೆ, ನಿಜ. ತಿರುವಲ್ಲಿ ಜಗ್ಗಿ ಎಳೆದ್ರೆ ಎಷ್ಟೋ ಜಾಸ್ತಿ ಸ್ಪೀಡಲ್ಲೂ ಆಗತ್ತೆ. ನಿಮ್ಮ ಟೇಪಿಗೆ ಇದೆಲ್ಲ ಗೊತ್ತಾ?"

"ನಂಗೇ ಪಾಠ ಹೇಳ್ತೀಯಾ? ನಾಳೆ ನೋಡೋಕೆ ನೆಂಟರನ್ನೆಲ್ಲ ಕರೆದಿದೀನಿ. ನನ್ನ ಮಾನ ಕಳೀಬೇಡ. ಆಗಲ್ಲ ಅಂದ್ರೆ ಕೆಲಸ ಬಿಟ್ಟು ನಡಿ."

ಮಾನವಂತೆ ಮಾನ! ಮಗಳ ತಾಳಿಗಿಂತ ನೆಂಟರ ಚಪ್ಪಾಳೆ ಹೆಚ್ಚಾಯಿತೇ ಈ ಮನುಷ್ಯನಿಗೆ? ಮೇಡಂಗೆ ಅವರ ಮುಖ ನೋಡಲೂ ಹೇಸಿಗೆಯಾಯಿತು. ಕೆಲಸ ಹೋದರೆ ಹಾಳಾಗಿ ಹೋಗಲಿ.

"ಆಯ್ತು ಸರ್. ಅಷ್ಟು ನಂಬಿಕೆ ಇದ್ರೆ ಬೆಳಿಗ್ಗೆ ಮೊದಲು ನೀವೇ ಅಳಿಯಂದ್ರ ಪಕ್ಕ ಕೂತು ಒಂದು ಸುತ್ತು ಹಾಕ್ಕೊಂಡು ಬನ್ನಿ. ಇದೇ ತಿರುವಲ್ಲಿ ಇಳೀರಿ. ನೀವು ಮಾತ್ರ ಸ್ಟಿಕ್ ಮುಟ್ಟಬಾರದು."

ಯಜಮಾನರು ಬಾಯಲ್ಲಿದ್ದ ಬಿಸ್ಕತ್ತು ನುಂಗಿದರು. ಮೀಸೆ ಒರೆಸಿಕೊಂಡರು. ಆಮೇಲೆ, "ನಾಳೆ ನಂಗೆ ಬೆನ್ನುನೋವಿದೆ," ಎಂದರು.

ಮಗಳು ಅಪ್ಪನನ್ನೇ ದಿಟ್ಟಿಸಿದಳು. ಒಳಗೆ ಬಂದು, ಗಂಡನ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಹೋದಳು.